ಅರೆಗಣ್ಣಿನ ಪಾಠ

ಹೋದ ವಾರ ನಮ್ಮ ಹಳೆಯ ಕಂಪ್ಯೂಟರ್ ಕ್ಲಾಸಿನ ಗೆಳತಿಯೊಬ್ಬಳು ಫೋನ್ ಮಾಡಿದಳು. ಸರ್ ಅಂಗಡಿಯನ್ನೂ ಕ್ಲಾಸನ್ನೂ ಮುಚ್ಚಿ ವಿಶ್ರಾಂತಿ ತಗೊಳ್ಳುತ್ತಾರಂತೆ, ಶಿಷ್ಯರೆಲ್ಲ ಸೇರಿ ಸನ್ಮಾನ ಮಾಡುತ್ತಾರಂತೆ, ಜೊತೆಗೆ ಸಣ್ಣದೊಂದು ಪುಸ್ತಕವನ್ನೂ ತರುತ್ತಾರಂತೆ. ಅದಕ್ಕೆ ನಾನೂ ಬರೆದುಕೊಡಬೇಕು. ಎಷ್ಟು ಬರೆಯಲಿ ಎಂದೆ. ನಾಲ್ಕು ಸಾಲು ಸಾಕು, ಆದರೆ ಫೋಟೋ ಬೇಕೇ ಬೇಕು, ದುಂಡಗೆ ಕತ್ತರಿಸಿ ಹಾಕುತ್ತೇವೆ ಎಂದಳು. ಕೊನೆಗೆ ದನಿ ತಗ್ಗಿಸಿ, "ಒಳ್ಳೇದಷ್ಟ ಬರಿಯವಾ. ನಿನ್ನ ಬಾಯಿ ನನಗ ಗೊತ್ತೈತಿ" ಎಂದಳು.

ನಾಲ್ಕು ಸಾಲು ಒಳ್ಳೆಯದನ್ನು ಬರೆದು ಕಳಿಸಿದೆ. ಸುಳ್ಳೇನೂ ಬರೆಯಲಿಲ್ಲ, ನಾಲ್ಕು ಸಾಲಿಗಾಗುವಷ್ಟು ಒಳ್ಳೆಯದು ಅವರಲ್ಲಿ ಇದ್ದೇ ಇತ್ತು. ಅಲ್ಲಿ ಹಿಡಿಸದೆ ಉಳಿದದ್ದು ಇದು.

ಕ್ಲಾಸು ಇದ್ದದ್ದು ಗದಗಿಗೆ ಅಂಟಿಕೊಂಡ ಬೆಟಗೇರಿಯಲ್ಲಿ, ಸ್ಟೀಲ್ ಪಾತ್ರೆ ಅಂಗಡಿಯ ಮೇಲಿನ ಕೋಣೆಯಲ್ಲಿ. ಅರ್ಧ ಕೋಣೆಯಲ್ಲಿ ಸರ್ ಅವರ ಫ್ಲೆಕ್ಸ್ ಮತ್ತು ಲಗ್ನಪತ್ರಿಕೆಯ ವ್ಯಾಪಾರ, ಅಡ್ಡಪರದೆಯ ಆಚೆ ನಮ್ಮ ಕಲಿಕೆ. ವೆಬ್ ಮತ್ತು ಗ್ರಾಫಿಕ್ ಡಿಸೈನ್ ಕಲಿಸಲಾಗುವುದು ಎಂದು ಹೊರಗೆ ಬೋರ್ಡು ಹಾಕಿದ್ದರು. ಹಾಗೆ ಬರೆದಿದೆ ಎಂದು ನನಗೆ ತಿಳಿದದ್ದು ಒಳಗೆ ಹೋಗಿ ಕೇಳಿದ ಮೇಲೆ. ಸಾಲಿಗೊಂದು ಬಣ್ಣ, ಪದಕ್ಕೊಂದು ನಮೂನೆಯ ಅಕ್ಷರ, ನಾಲ್ಕು ಮೂಲೆಗೂ ನವಿಲು. ಬ್ಯಾಂಡ್ ಸೆಟ್ಟಿನ ಅಂಗಡಿ ಎಂದು ತಿಳಿದು ಲಗ್ನಕ್ಕೆ ವಾದ್ಯದವರನ್ನು ಕೇಳಲು ಮೆಟ್ಟಿಲು ಹತ್ತಿ ಬಂದವರನ್ನು ನಾನೇ ಕಂಡಿದ್ದೇನೆ. ಸರ್ ಅವರನ್ನೂ ಸುಮ್ಮನೆ ಕಳಿಸುತ್ತಿರಲಿಲ್ಲ. ಹೇಗೂ ಲಗ್ನ ಇದೆಯಲ್ಲ, ಪತ್ರಿಕೆ ಇಲ್ಲೇ ಮಾಡಿಸಿ ಎಂದು ಕೂರಿಸಿಕೊಳ್ಳುತ್ತಿದ್ದರು.

ಮಕ್ಕಳು ದೊಡ್ಡವರಾಗಿ ಮಧ್ಯಾಹ್ನದ ಹೊತ್ತು ನನ್ನ ಕೈಗೆ ಬಂದಿತ್ತು. ಮನೆಯಲ್ಲೇ ಕೂತು ಸಣ್ಣಪುಟ್ಟ ಡಿಸೈನ್ ಕೆಲಸ ಮಾಡಬಹುದು ಎಂದು ಸೇರಿದೆ. ನಮ್ಮದು ನೇಕಾರರ ಮನೆ. ನೆಲದ ತಗ್ಗಿನಲ್ಲಿ ಕಾಲಿಳಿಸಿ ನೇಯುವ ಮಾವನವರ ಕುಣಿಮಗ್ಗ ನಿಂತು ಬಹಳ ಕಾಲವಾಯಿತು. ನಮ್ಮ ಮನೆಯವರು ಬಸ್ ಕಂಡಕ್ಟರ್. ಮಗ್ಗದ ಕುಣಿಯ ಮೇಲೆ ಹಲಗೆ ಹಾಸಿ ಅದರ ಮೇಲೆ ನನ್ನ ಕಂಪ್ಯೂಟರ್ ಇಟ್ಟುಕೊಂಡೆ. ಈಗಲೂ ಕಾಲು ಬದಲಿಸಿದರೆ ಹಲಗೆ ಡಬ್ ಎನ್ನುತ್ತದೆ. ಕ್ಲಾಸಿನಲ್ಲಿ ನನಗೆ ಫ್ಯಾನಿನ ಕೆಳಗಿನ ಬೆಂಚು ಸಿಕ್ಕಿತ್ತು. ಅದೂ ದೇವರ ದಯೆಯೇ.

ಸರ್ ಎಂದರೆ ಮೊದಲು ಕಣ್ಣಿಗೆ ಬೀಳುವುದು ಬಿಳಿ ಅಂಗಿಯ ಕಿಸೆಯಲ್ಲಿ ನೆಟ್ಟಗೆ ನಿಂತ ಬಾಚಣಿಗೆ. ಯಾರಾದರೂ ತಪ್ಪು ತೋರಿಸಿದರೆ ಅದು ಹೊರಗೆ ಬರುತ್ತಿತ್ತು. ಸಣ್ಣ ತಪ್ಪಿಗೆ ಒಂದೆಳೆ, ದೊಡ್ಡ ತಪ್ಪಿಗೆ ಇಡೀ ತಲೆ. ಮೌಸಿನ ಕೆಳಗಿನ ಪ್ಯಾಡಿನ ಮೇಲೆ ತಮ್ಮದೇ ನಗುಮುಖ ಅಚ್ಚು ಹಾಕಿಸಿಕೊಂಡಿದ್ದರು. ದಿನವಿಡೀ ತಮ್ಮ ಮುಖದ ಮೇಲೆ ತಾವೇ ಕೈಯಾಡಿಸುತ್ತಿದ್ದರು ಎನ್ನಿ.

ಮೊದಲ ದಿನವೇ ಅವರು ಕಲಿಸಿದ್ದು ಅರೆಗಣ್ಣಿನ ಪಾಠ. ಯಾವುದೋ ಊರಿನಲ್ಲಿ ತರಬೇತಿಗೆ ಹೋದಾಗ ಕಲಿತು ಬಂದದ್ದಂತೆ. ಗೋಡೆಗೆ ಒಂದು ಪುಟ ಅಂಟಿಸಿ, ಎಲ್ಲರೂ ಕಣ್ಣು ಅರ್ಧ ಮುಚ್ಚಿ ನೋಡಬೇಕು ಎಂದರು. ಪುರಾಣ ಕೇಳುತ್ತ ತೂಕಡಿಸುವವರಂತೆ ನಾವೆಲ್ಲ ಹೆಂಗಸರು ಸಾಲಾಗಿ ಕೂತೆವು.

"ಅಕ್ಷರ ಎಲ್ಲಾ ಕರಗಲಿ. ಆವಾಗ ಯಾವುದು ಮೊದಲ ಕಣ್ಣಿಗೆ ಬೀಳತೈತೋ, ನಿಮ್ಮ ಪುಟ ಹೇಳೋದು ಅದನ್ನ. ಉಳಿದದ್ದು ಬರೇ ಗದ್ದಲ" ಎಂದರು.

ನನಗೆ ಮೈ ಜುಮ್ಮೆಂದಿತು. ಅಂದಿನಿಂದ ಕಂಡದ್ದನ್ನೆಲ್ಲ ಅರೆಗಣ್ಣಿನಲ್ಲಿ ನೋಡತೊಡಗಿದೆ: ಅಂಗಡಿಯ ಬೋರ್ಡು, ಎಣ್ಣೆ ಡಬ್ಬಿಯ ಚೀಟಿ, ಬಸ್ಸಿನ ಹಣೆಯ ಮೇಲಿನ ಊರ ಹೆಸರು. ಬನಶಂಕರಿಯ ಗುಡಿಯಲ್ಲಿ ಕಣ್ಣು ಅರ್ಧ ಮುಚ್ಚಿ ನಿಂತರೆ ಹೂವು, ಸೀರೆ, ಬೆಳ್ಳಿ ಎಲ್ಲ ಕರಗಿ ತಾಯಿಯ ಮುಖವೊಂದೇ ಉಳಿಯುತ್ತಿತ್ತು. ಅಲಂಕಾರ ಮಾಡುವ ಪೂಜಾರಿ ಯಾವ ಕ್ಲಾಸಿಗೂ ಹೋದವರಲ್ಲ.

ಇಷ್ಟು ದೊಡ್ಡ ಮಾತನ್ನು ಬಾಯಿಂದ ಆಡಿದ ಮನುಷ್ಯ ತಮ್ಮ ಕೆಲಸಕ್ಕೆ ಕೂತಾಗ ಎರಡೂ ಕಣ್ಣನ್ನು ಪೂರ್ತಿ ಮುಚ್ಚಿಕೊಂಡೇ ಕೂರುತ್ತಿದ್ದರು. ಖಾಲಿ ಜಾಗ ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಖಾಲಿ ಬಿಟ್ಟರೆ ಹೊಲ ಬೀಳು ಬಿಟ್ಟಂತೆ, ಗಿರಾಕಿ ಪೂರ್ತಿ ಹಾಳೆಗೆ ರೊಕ್ಕ ಕೊಟ್ಟಿರುತ್ತಾನೆ ಎನ್ನುವರು. ಬಳ್ಳಿ ಹಬ್ಬಿಸುವರು, ಬಳ್ಳಿಯ ನಡುವೆ ಹಕ್ಕಿ ಕೂರಿಸುವರು, ಹಕ್ಕಿಯ ಬಾಯಿಗೊಂದು ಹೂವು ಕೊಡುವರು. ಹೆಂಗಸರಾದ ನಮಗೆ, ರಂಗೋಲಿ ಹಾಕಿದಂತೆ ಹಾಕಿ ಎಂದು ಬುದ್ಧಿ ಬೇರೆ. ರಂಗೋಲಿ ಹಾಕುವವಳಿಗೆ ಎರಡು ಚುಕ್ಕಿಯ ನಡುವೆ ಎಷ್ಟು ಜಾಗ ಬಿಡಬೇಕು ಎನ್ನುವುದೇ ಮೊದಲ ಪಾಠ ಎಂದು ಅವರ ಮನೆಯಲ್ಲಿ ಯಾರೂ ಹೇಳಿರಲಿಲ್ಲವೇನೋ.

ನೆರಳಿನ ಹುಚ್ಚು ಇನ್ನೊಂದು. ಅಕ್ಷರಕ್ಕೆಲ್ಲ ನೆರಳು ಕೊಡುವರು. ಒಂದು ಸಾಲಿನ ನೆರಳು ಬಲಕ್ಕೆ ಬಿದ್ದರೆ ಮುಂದಿನ ಸಾಲಿನದು ಎಡಕ್ಕೆ. ಅವರ ಬ್ಯಾನರುಗಳ ಲೋಕದಲ್ಲಿ ಎರಡು ಸೂರ್ಯ.

ಕಳಸಾಪುರದ ಒಂದು ಲಗ್ನದ ಫ್ಲೆಕ್ಸ್ ಮಾತ್ರ ನಾನು ಮರೆಯುವಂತಿಲ್ಲ. ವರನ ಫೋಟೋ ಉದ್ದಕ್ಕಿತ್ತು, ಚೌಕಟ್ಟು ಅಗಲಕ್ಕಿತ್ತು. ಫೋಟೋವನ್ನು ಮೂಲೆ ಹಿಡಿದು ಎಳೆದು ಹೆಚ್ಚಾದದ್ದನ್ನು ಕತ್ತರಿಸಬೇಕು, ಪಕ್ಕಕ್ಕೆ ಜಗ್ಗಬಾರದು ಎಂದು ಅದೇ ವಾರ ನಮಗೆ ಹೇಳಿಕೊಟ್ಟಿದ್ದರು. ತಾವು ಮಾತ್ರ ಪಕ್ಕಕ್ಕೆ ಜಗ್ಗಿಬಿಟ್ಟರು. ಕಡ್ಡಿಯಂಥ ಹುಡುಗ ಕುಸ್ತಿ ಪೈಲ್ವಾನನಾದ. ಹೆಣ್ಣಿನ ಅಜ್ಜಿ ಮೆಟ್ಟಿಲು ಹತ್ತಿ ಬಂದು, ನಾವು ನೋಡಿದ ಹುಡುಗ ಬೇರೆ ಇದ್ದ, ಇವನು ಯಾರು ಎಂದು ಕೂತಳು. ಸರ್ ಬಾಚಣಿಗೆ ತೆಗೆದು ಒಂದೆಳೆ ಬಾಚಿ, "ಲಗ್ನಾದ ಮ್ಯಾಲೆ ಹಿಂಗ ಆಗ್ತಾನ ಬಿಡ್ರಿ ಆಯಿ, ಈಗ ನೋಡಿಟ್ಟುಕೋರಿ" ಎಂದರು. ಮುದುಕಿ ನಕ್ಕುಬಿಟ್ಟಳು. ಆ ಫ್ಲೆಕ್ಸ್ ಹಾಗೆಯೇ ಊರ ಬಾಗಿಲಿಗೆ ಏರಿತು. ಹೀಗೆ ಮಾತಿನಲ್ಲಿ ದಾಟಿಕೊಂಡೇ ಅವರ ಆಯುಷ್ಯ ಕಳೆದಿದೆ.

ಇನ್ನು ವೆಬ್ ಪುಟಗಳ ವಿಚಾರ. ಸರ್ ಕನ್ನಡ ಟೈಪ್ ಮಾಡುತ್ತಿದ್ದದ್ದು ತಮ್ಮ ಕಂಪ್ಯೂಟರಿನಲ್ಲಿದ್ದ ಹಳೆಯ ಫಾಂಟಿನಲ್ಲಿ. ಅದು ಬೇರೆಯವರ ಫೋನಿಗೆ ಹೋದರೆ ಕನ್ನಡ ಹೋಗಿ ಇಂಗ್ಲಿಷ್ ಅಕ್ಷರ, ಚುಕ್ಕಿ, ಕೊಕ್ಕೆಗಳ ಕಸ ಕಾಣುತ್ತಿತ್ತು. ಎಲ್ಲ ಫೋನಿನಲ್ಲೂ ಓದಲು ಬರುವ ಯೂನಿಕೋಡ್ ಕನ್ನಡ ಬಂದು ಎಷ್ಟೋ ಕಾಲವಾಗಿದೆ. ಪಠ್ಯದಲ್ಲೂ ಇತ್ತು, ನಮಗೆ ಕಲಿಸಿದರೂ ಕಲಿಸಿದರು. ತಮಗೆ ಮಾತ್ರ ಬೆರಳಿನ ರೂಢಿ ಬದಲಿಸಲು ಸೋಮಾರಿತನ. ಅದಕ್ಕೆ ಅವರು ಹುಡುಕಿಕೊಂಡ ಹಾದಿ ಎಂದರೆ ಇಡೀ ಪುಟವನ್ನೇ ಒಂದು ದೊಡ್ಡ ಚಿತ್ರ ಮಾಡಿ ಏರಿಸುವುದು. ಫೋನಿನಲ್ಲಿ ಆ ಚಿತ್ರ ಪರದೆಯ ಅಗಲಕ್ಕೆ ಕುಗ್ಗಿ ಅಕ್ಷರಗಳು ಇರುವೆಯಾಗುತ್ತಿದ್ದವು. ಹಿಗ್ಗಿಸಿದರೆ ನೆನೆದ ಇರುವೆಯಾಗುತ್ತಿದ್ದವು. ಸರ್, ಓದಲು ಬರುವುದಿಲ್ಲ ಎಂದರೆ ಒಂದೇ ಉತ್ತರ: "ನನ್ನ ಕಡೆ ಛಲೋ ಕಾಣಸ್ತೈತಿ." ಅವರ ಕಡೆ ಎಂದರೆ ಟಿವಿಯಷ್ಟು ದೊಡ್ಡ ಪರದೆ, ಪಕ್ಕದಲ್ಲೇ ಇಂಟರ್ನೆಟ್ಟಿನ ತಂತಿ. ಕೊರ್ಲಹಳ್ಳಿಯ ಹೊಳೆದಂಡೆಯಲ್ಲಿ ಕೂತವರ ಕಡೆ ಹೇಗೆ ಕಾಣುತ್ತದೆ ಎಂದು ಅವರು ಒಮ್ಮೆಯೂ ನೋಡಿದ್ದು ನನಗೆ ಗೊತ್ತಿಲ್ಲ.

ಕೊರ್ಲಹಳ್ಳಿಯ ಮಾತು ತೆಗೆದದ್ದು ಯಾಕೆಂದರೆ ಅಲ್ಲಿ ನಮ್ಮವ್ವ ಇದ್ದಾಳೆ.

ಅವ್ವನಿಗೆ ಬಲಗಣ್ಣು ಇಲ್ಲ. ಪೊರೆ ಬಲಿಯುವವರೆಗೆ ಇಂದು ನಾಳೆ ಎಂದು ತಡ ಮಾಡಿ, ನೋವು ಹತ್ತಿ, ಅದು ಎಂದೋ ಹೋಯಿತು. ಎಡಗಣ್ಣಿಗೂ ಪೊರೆ ಬರತೊಡಗಿದಾಗ ನನಗೆ ಹೆದರಿಕೆಯಾಯಿತು. ಅವ್ವನಿಗೆ ಆಸ್ಪತ್ರೆ ಎಂದರೆ ಆಗದು. ಅವಳು ಒಪ್ಪಿದ್ದು ಒಂದೇ ಕೈಗೆ. ಪಕ್ಕದ ಮನೆಯ ಹುಸೇನಬೀಗೆ ಒಂದು ಸೇವಾ ಸಂಘದ ಕಣ್ಣಿನ ಶಿಬಿರದಲ್ಲಿ ಪೊರೆ ತೆಗೆದಿದ್ದರು. ಹುಸೇನಬೀ ಈಗ ಅಕ್ಕಿಯಲ್ಲಿ ಕಲ್ಲು ಆರಿಸುತ್ತಾಳೆ. ಆ ಡಾಕ್ಟರ್ ಮಾಡಿದರೆ ಮಾಡಿಸಿಕೊಳ್ಳುತ್ತೇನೆ, ಇಲ್ಲದಿದ್ದರೆ ಇಲ್ಲ ಎಂದಳು ಅವ್ವ. ಆ ಡಾಕ್ಟರ್ ನಮ್ಮ ಕಡೆ ಬರುವುದು ಅಪರೂಪಕ್ಕೆ. ಈ ಸಲ ಶಿರಹಟ್ಟಿಯಲ್ಲಿ ಶಿಬಿರ ಎಂದು ಗೊತ್ತಾಯಿತು. ಶಿಬಿರದ ವೆಬ್ ಪುಟ ಮಾಡಿದ್ದು ನಮ್ಮ ಸರ್.

ಫ್ಲೆಕ್ಸ್ ಮಾಡುವವರ ಒಂದು ಪದ್ಧತಿ ನಿಮಗೆ ಗೊತ್ತು. ಹುಟ್ಟುಹಬ್ಬವಿರಲಿ, ಗುದ್ದಲಿ ಪೂಜೆಯಿರಲಿ, ಕೆಳಗೆ ಶುಭ ಕೋರುವವರ ದುಂಡನೆಯ ಫೋಟೋ ಸಾಲಾಗಿ ಬರಬೇಕು. ಒಬ್ಬರನ್ನು ಬಿಟ್ಟರೆ ಒಂದು ಓಣಿಯೇ ಮುನಿಸಿಕೊಳ್ಳುತ್ತದೆ. ಬೀದಿಯಲ್ಲಿ ತೂಗುವ ಫ್ಲೆಕ್ಸಿಗೆ ಅದು ನಡೆಯುತ್ತದೆ, ಎಲ್ಲವೂ ಒಟ್ಟಿಗೆ ಕಣ್ಣಿಗೆ ಬೀಳುತ್ತದೆ. ಅಂಗೈಯಷ್ಟು ಫೋನಿನಲ್ಲಿ ಮೇಲಿನದು ಮುಗಿದ ಮೇಲೆ ಕೆಳಗಿನದು. ಸರ್ ಏನು ಮಾಡಿದರೆಂದರೆ, ದೊಡ್ಡವರು ಕೆಳಗಾಗಬಾರದು ಎಂದು ಶುಭ ಕೋರುವವರನ್ನೆಲ್ಲ ಮೇಲೆಯೇ ಇಟ್ಟರು, ಹೂವಿನ ಬಳ್ಳಿ ಸುತ್ತಿ. ಅವರೆಲ್ಲರಿಗಿಂತ ಮೇಲೆ, ವಿನ್ಯಾಸ ಎಂದು ಬರೆದು, ತಮ್ಮದೇ ಮುಖ. ಬೆರಳು ನೋಯುವಷ್ಟು ಜಾರಿಸಿದ ಮೇಲೆ ಕೆಳಗೆಲ್ಲೋ ಕಣ್ಣಿನ ಶಿಬಿರ.

ಪುಟ ನೋಡಿದ ಹುಸೇನಬೀ ನನಗೆ ಫೋನ್ ಮಾಡಿದ್ದಳು. "ಇಷ್ಟು ಮಂದಿ ಒಮ್ಮೆಲೇ ಹೆಂಗ ಸತ್ತರವಾ?" ಎಂದು ಗಾಬರಿಯಿಂದ ಕೇಳಿದಳು. ದುಂಡನೆಯ ಫೋಟೋ, ಸುತ್ತ ಹೂವು ಎಂದರೆ ಅವಳಿಗೆ ಶ್ರದ್ಧಾಂಜಲಿಯೇ. ಸತ್ತಿಲ್ಲ, ಶುಭ ಕೋರುತ್ತಿದ್ದಾರೆ ಎಂದೆ. ನಕ್ಕೆವು. ದಿನ ನೋಡಿದೆ, ಊರು ನೋಡಿದೆ, ಶಿರಹಟ್ಟಿ ಎಂದು ದೊಡ್ಡದಾಗಿ ಇತ್ತು. ಶಿಬಿರದ ದಿನ ಬೆಳಿಗ್ಗೆ ಅವ್ವ ಮತ್ತು ಹುಸೇನಬೀ ಮುಂಡರಗಿಗೆ ಬಂದು, ಅಲ್ಲಿ ಬಸ್ಸು ಬದಲಿಸಿ ಶಿರಹಟ್ಟಿಗೆ ಹೋದರು. ನಾನು ಗದಗಿನಿಂದ ಹೋಗಿ ಅಲ್ಲಿ ಸೇರಿದೆ.

ಶಿಬಿರ ನಡೆಯಬೇಕಿದ್ದ ಶಾಲೆಯ ಅಂಗಳದಲ್ಲಿ ಸಂಘದವರು ಯಾರೂ ಇರಲಿಲ್ಲ. ನಮ್ಮಂತೆ ಬಂದ ಕೆಲವರು ಗಿಡದ ನೆರಳಿಗೆ ಕೂತಿದ್ದರು, ಹೆಚ್ಚಿನವರು ಕಣ್ಣು ಸರಿಯಿಲ್ಲದ ಮುದುಕ ಮುದುಕಿಯರು. ಶಿಬಿರ ಲಕ್ಷ್ಮೇಶ್ವರಕ್ಕೆ ಬದಲಾಗಿದೆ ಎಂದು ಶಾಲೆಯ ಜವಾನ ಹೇಳಿದ. ಓಡಿದೆವು. ನಾವು ಮುಟ್ಟುವಷ್ಟರಲ್ಲಿ ತಪಾಸಣೆ ಮುಗಿದು, ಆರಿಸಿದವರನ್ನು ಹತ್ತಿಸಿಕೊಂಡು ಸಂಘದ ಗಾಡಿ ಹೋಗಿತ್ತು. ಸಾಮಾನು ಕಟ್ಟುತ್ತಿದ್ದ ಕಿರಿಯ ಡಾಕ್ಟರಮ್ಮ ಪುಣ್ಯಕ್ಕೆ ಅವ್ವನ ಕಣ್ಣಿಗೆ ಬೆಳಕು ಬಿಟ್ಟು ನೋಡಿದರು. ಮುಂದಿನ ಶಿಬಿರದವರೆಗೆ ತಡೆಯಬಹುದು, ಅದಕ್ಕಿಂತ ಆಚೆ ಬೇಡ, ಬಲಗಣ್ಣಿಗೆ ಆದದ್ದೇ ಇದಕ್ಕೂ ಆದೀತು ಎಂದರು. ಅವ್ವ ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದ ರೊಟ್ಟಿ ಬಿಚ್ಚಿ ಹುಸೇನಬೀಗೆ ಕೊಟ್ಟಳು.

ಮರುದಿನ ನಾನು ಸರ್ ಮುಂದೆ ನಿಂತೆ. ಊರು ಬದಲಾದದ್ದನ್ನು ಯಾಕೆ ಹಾಕಲಿಲ್ಲ ಎಂದು ಕೇಳಿದೆ. ಹಾಕಿದ್ದೇನಲ್ಲ ಎಂದು ಪುಟ ತೆರೆದು, ಎಲ್ಲರನ್ನೂ ದಾಟಿ, ತೀರ ಕೆಳಗಿನ ಅಂಚಿಗೆ ಹೋದರು. ತಿಳಿಹಸಿರು ನೆಲದ ಮೇಲೆ ಹಳದಿ ಅಕ್ಷರದ ಒಂದು ಸಾಲು ಬಲದಿಂದ ಎಡಕ್ಕೆ ಓಡುತ್ತಿತ್ತು. ಅದರ ಬಾಲದಲ್ಲಿ ಲಕ್ಷ್ಮೇಶ್ವರ.

ದೊಡ್ಡ ಅಕ್ಷರದ ಶಿರಹಟ್ಟಿಯನ್ನೇ ಯಾಕೆ ಬದಲಿಸಲಿಲ್ಲ ಎಂದೆ. ಅದಕ್ಕೆ ಬಂದ ಉತ್ತರ ಕೇಳಿ. ಚಿತ್ರ ಮಾಡುವಾಗ ಬಣ್ಣ, ಅಕ್ಷರ, ಫೋಟೋ ಎಲ್ಲ ಬೇರೆ ಬೇರೆ ಪದರಗಳಾಗಿರುತ್ತವೆ. ಆ ಪದರಗಳಿರುವ ಮೂಲ ಕಡತವನ್ನು ಎಂದೂ ಕಳೆಯಬೇಡಿ, ನಾಳೆ ಬದಲಿಸಲು ಬೇಕಾಗುತ್ತದೆ ಎಂದು ನಮಗೆ ದಿನಾಲೂ ಹೇಳುತ್ತಿದ್ದರು. ತಾವು ಮಾತ್ರ ಪದರಗಳನ್ನೆಲ್ಲ ಒಂದಾಗಿ ಕೂಡಿಸಿ, ಮೂಲವನ್ನು ಅಳಿಸಿದ್ದರು. ಶಿರಹಟ್ಟಿ ಎನ್ನುವುದು ಹೂಬಳ್ಳಿಯೊಂದಿಗೆ ಬೆಸೆದುಹೋಗಿತ್ತು. ಅದನ್ನು ತೆಗೆಯಬೇಕೆಂದರೆ ಪೂರ್ತಿ ಹೊಸದಾಗಿ ಮಾಡಬೇಕು. ಲಗ್ನದ ಸೀಜನ್, ಪುರುಸೊತ್ತಿರಲಿಲ್ಲ.

"ಆದ್ರೂ ಕೆಳಗ ಹಾಕೇನಲ್ರೀ" ಎಂದರು. "ಓಡಾಕತ್ತೈತಿ, ಎದ್ದು ಕಾಣಸ್ತೈತಿ. ನನ್ನ ಕಡೆ ಅಂತೂ ಛಲೋ ಕಾಣಸ್ತೈತಿ."

ನಾನು ಜಗಳಕ್ಕೆ ಹೋಗಲಿಲ್ಲ. ಸರ್, ಒಂದು ಸಲ ನಿಮ್ಮ ಅರೆಗಣ್ಣಿನಲ್ಲಿ ಈ ಪುಟ ನೋಡಿ ಎಂದೆ. ಮೊದಲಿಂದ ನೋಡಿ, ಏನು ಉಳಿಯುತ್ತದೆ ಹೇಳಿ. ಅವರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, ಕಣ್ಣು ಅರ್ಧ ಮುಚ್ಚಿ, ಬಹಳ ಹೊತ್ತು ನೋಡಿದರು. ಈಗ ಅವರಿಗೆ ತಿಳಿಯಿತು ಎಂದುಕೊಂಡೆ.

"ನಾನು" ಎಂದರು. ಆಮೇಲೆ ಮುಖ ಅರಳಿತು. "ಛಲೋ ಬಂದೇನಿ, ಅಲ್ಲಾ?"

ಇಂಥವರ ಮೇಲೆ ಸಿಟ್ಟು ಮಾಡುವುದಾದರೂ ಹೇಗೆ. ಅವರ ಮಾತನ್ನೆಲ್ಲ ಅವ್ವನಿಗೆ ಫೋನಿನಲ್ಲಿ ಹೇಳಿದೆ. ಕೆಳಗೆ ಓಡುತ್ತಿತ್ತಂತೆ ಅವ್ವಾ ಎಂದೆ. ಅವ್ವ, "ಓಡೋದನ್ನ ಕಣ್ಣಿಲ್ಲದಾಕಿ ಹೆಂಗ ಹಿಡೀಲಿ, ಮಗಳ?" ಎಂದಳು. ಆ ಮಾತು ನನ್ನ ಎದೆಯಲ್ಲಿ ಕೂತುಬಿಟ್ಟಿತು.

ಮುಂದಿನ ಶಿಬಿರದ ಪುಟವನ್ನು ನಾನೇ ಮಾಡಬೇಕು ಎಂದು ದೇವರ ಮುಂದೆ ದೀಪ ಹಚ್ಚುವಾಗಲೇ ನಿಶ್ಚಯಿಸಿದೆ. ಅವ್ವ ಕೆಲವು ದಿನ ನಮ್ಮ ಮನೆಗೆ ಬಂದಿದ್ದಳು. ನಾನು ಪುಟ ಮಾಡುವುದು, ಫೋನನ್ನು ಅವಳ ಮುಂದೆ ಹಿಡಿಯುವುದು. ನಾವು ಕಷ್ಟಪಟ್ಟು ಕಣ್ಣು ಅರ್ಧ ಮುಚ್ಚಿ ನೋಡುವುದನ್ನು ಅವಳು ಹಗಲಿಡೀ ಹಾಗೆಯೇ ನೋಡುತ್ತಿದ್ದಳು. ಮೊದಲು ನನಗೆ ಚಂದ ಕಂಡ ಬೂದು ಅಕ್ಷರ ಇಟ್ಟಿದ್ದೆ.

"ಏನ್ ಕಾಣಸ್ತೈತಿ ಅವ್ವಾ?"

"ಹಿಟ್ಟು ಚೆಲ್ಲಿದಂಗ ಐತಿ."

ಬೂದು ತೆಗೆದು ಕಪ್ಪು ಮಾಡಿದೆ, ನೆಲ ಬರೀ ಬಿಳಿ. ಅಕ್ಷರ ಸಾಲದು ಎಂದಳು, ಹಿಗ್ಗಿಸಿದೆ. ಸಾಲು ಸಾಲಿಗೆ ತಾಗುತ್ತದೆ, ಒತ್ತಕ್ಷರ ಕೆಳಗಿನ ಸಾಲಿನ ತಲೆಯ ಮೇಲೆ ಕೂರುತ್ತದೆ ಎಂದಳು, ನಡುವೆ ಜಾಗ ಬಿಟ್ಟೆ. ಚಿತ್ರ ಒಂದೂ ಇಡಲಿಲ್ಲ. ಎಲ್ಲಕ್ಕಿಂತ ಮೇಲೆ ಊರು, ಅದರ ಕೆಳಗೆ ದಿನ, ಅದರ ಕೆಳಗೆ ಮುಟ್ಟಿದರೆ ಸಂಘಕ್ಕೆ ಫೋನ್ ಹೋಗುವ ಅಗಲವಾದ ಗುಂಡಿ. ಗುಂಡಿ ಎಷ್ಟು ಅಗಲ ಎಂದರೆ, ರೊಟ್ಟಿ ಬಡಿದು ದಪ್ಪಗಾದ ಅವ್ವನ ಹೆಬ್ಬೆರಳು ತಪ್ಪದಷ್ಟು. ಶುಭ ಕೋರುವವರ ಹೆಸರು ತೀರ ಕೆಳಗೆ, ಸಣ್ಣ ಅಕ್ಷರದಲ್ಲಿ. ಫೋನಿನಲ್ಲಿ ಹಿಗ್ಗಿಸಿದರೆ ಅಕ್ಷರ ಒಡೆಯದೆ ಹಿಗ್ಗುತ್ತಿತ್ತು, ಅದು ಚಿತ್ರವಲ್ಲ, ನಿಜವಾದ ಅಕ್ಷರ. ಇವಿಷ್ಟೂ ಆ ಕ್ಲಾಸಿನಲ್ಲೇ ಕಲಿತದ್ದು. ಹೇಳಿಕೊಟ್ಟವರು ಸರ್ ಅವರೇ. ಅದನ್ನು ನಾಲ್ಕು ಸಾಲಿನಲ್ಲಿ ಬರೆದಿದ್ದೇನೆ.

ಸಂಘದ ಕಾರ್ಯದರ್ಶಿ ಹಿರಿಯರು. ಅವರ ಕೈಗೆ ನನ್ನ ಫೋನ್ ಕೊಟ್ಟು, ಚಷ್ಮಾ ತೆಗೆದು ನೋಡಿ ಎಂದೆ. ಓದಿದರು. ಆಮೇಲೆ ಇದೇ ಶಿಬಿರಕ್ಕೆಂದು ಸರ್ ಹೊಸದಾಗಿ ಮಾಡಿದ್ದ ಪುಟ ತೆರೆದುಕೊಟ್ಟೆ. ಚಷ್ಮಾ ಹಾಕಿಕೊಂಡರು, ಒರೆಸಿಕೊಂಡರು, ಮತ್ತೆ ಹಾಕಿಕೊಂಡರು. ಆದರೂ ಹಳಬರಿಗೆ ಬೇಜಾರಾಗಬಾರದು ಎಂದು, ಎರಡೂ ಇರಲಿ ಎಂದರು. ನಮ್ಮ ಕಡೆಯ ಹಿರಿಯರು ಹೀಗೆಯೇ, ಯಾರನ್ನೂ ಬಿಡುವುದಿಲ್ಲ.

ಸರ್ ನನ್ನ ಪುಟ ನೋಡಿ ಎಲ್ಲರ ಮುಂದೆ ತಲೆ ಅಲ್ಲಾಡಿಸಿದರು. "ಏನ್ರೀ ಇದು, ಬೋಳು ಬೋಳು. ವಿಧವಿ ಹಣಿ ಇದ್ದಂಗೈತಿ" ಎಂದರು.

ಒಂದಿಬ್ಬರು ನಕ್ಕರು.

"ನಮ್ಮವ್ವನ ಹಣಿನೂ ಹಂಗ ಐತ್ರಿ ಸರ" ಎಂದೆ.

ಬಾಚಣಿಗೆ ಹೊರಗೆ ಬಂತು. ಇಡೀ ತಲೆ ಬಾಚಿಕೊಂಡರು. ಕ್ಷಮಿಸಿ ಎನ್ನುವ ಮಾತು ಅವರ ಯಾವ ಫಾಂಟಿನಲ್ಲೂ ಇರಲಿಲ್ಲ. ನಾನು ಅಂದೇ ಕ್ಲಾಸು ಬಿಟ್ಟೆ. ಹೇಗೂ ಕಲಿಯುವುದು ಮುಗಿದಿತ್ತು.

ಶಿಬಿರ ಈ ಸಲ ಲಕ್ಷ್ಮೇಶ್ವರದಲ್ಲಿ ಎಂದು ಹಾಕಿದ್ದೆ. ದಿನ ಹತ್ತಿರ ಬಂದಾಗ ಕಾರ್ಯದರ್ಶಿಗಳ ಫೋನ್ ಬಂತು: ಅಲ್ಲಿಯ ಸಭಾಭವನ ಸಿಗುತ್ತಿಲ್ಲ, ಮುಂಡರಗಿಗೆ ಬದಲಾಯಿಸಿದ್ದೇವೆ. ಮತ್ತೆ ಅದೇ. ನಾನು ಹಿಟ್ಟು ನಾದುತ್ತಿದ್ದೆ. ಕೈ ತೊಳೆದು ಹಲಗೆಯ ಮೇಲೆ ಕೂತು ಒಂದು ಪದ ಅಳಿಸಿ ಒಂದು ಪದ ಬರೆದೆ. ಅಷ್ಟೇ ಕೆಲಸ. ಹಿಟ್ಟು ಒಣಗುವ ಮೊದಲೇ ಎದ್ದು ಬಂದೆ. ನಮ್ಮ ಮನೆಯವರು ಅಂದೆಲ್ಲ ಬಸ್ಸಿನಲ್ಲಿ ಟಿಕೆಟ್ ಕೊಡುವಾಗ ಕಣ್ಣಿಗೆ ಕೈ ಅಡ್ಡ ಹಿಡಿದವರನ್ನು ಕಂಡರೆ ಮುಂಡರಗಿ, ಮುಂಡರಗಿ ಎಂದು ಹೇಳಿದರಂತೆ. ಸರ್ ಅವರ ಪುಟದಲ್ಲಿ ಮಾತ್ರ ಶಿಬಿರ ಕೊನೆಯವರೆಗೂ ಲಕ್ಷ್ಮೇಶ್ವರದಲ್ಲೇ ಇತ್ತು. ಅದನ್ನು ನಂಬಿ ಬಂದವರನ್ನು ಕರೆತರಲು ಸಂಘದವರು ಅಲ್ಲೊಂದು ಗಾಡಿ ನಿಲ್ಲಿಸಬೇಕಾಯಿತು.

ಕೊರ್ಲಹಳ್ಳಿಗೆ ನಾನು ಬೇಕೆಂದೇ ಫೋನ್ ಮಾಡಲಿಲ್ಲ. ಪುಟ ತನ್ನ ಕೆಲಸ ತಾನು ಮಾಡಬೇಕು ಎಂದು ಕಾದೆ. ಒಲೆಯ ಮುಂದೆ ನಿಂತರೂ ಕಿವಿ ಫೋನಿನ ಕಡೆ. ಸಂಜೆಯವರೆಗೆ ನೋಡಿ ಹೇಳಿಬಿಡುವುದು ಎಂದು ಮನಸ್ಸು ಮಾಡಿದ್ದೆ, ಅಷ್ಟರಲ್ಲಿ ಹುಸೇನಬೀಯ ಫೋನ್ ಬಂತು.

"ನಾ ಓದಿಲ್ಲವಾ. ನಿಮ್ಮವ್ವನ ಕೈಯಾಗ ಕೊಟ್ಟೆ, ಆಕಿನ ಓದಿದಳು" ಎಂದಳು. ಹಿಂದಿನಿಂದ ಅವ್ವನ ದನಿ ಕೇಳಿಸಿತು, ಶಾಲೆಯ ಹುಡುಗಿಯಂತೆ ಬಿಡಿಸಿ ಬಿಡಿಸಿ: "ಮುಂ...ಡ...ರ...ಗಿ. ಬದಲಾತೇನವಾ? ಛಲೋ ಆತು, ನಮಗ ಸನೇದು."

ತಾಯೀ ಎಂದು ಅಲ್ಲೇ ನೆಲಕ್ಕೆ ಕೂತೆ. ರೊಟ್ಟಿಯೊಂದು ಹೊತ್ತಿಹೋಯಿತು.

ಅವ್ವನ ಪೊರೆಯನ್ನು ಅದೇ ಡಾಕ್ಟರ್ ತೆಗೆದರು. ಪಟ್ಟಿ ಬಿಚ್ಚಿದಾಗ ನಾನು ಮುಂದೆ ನಿಂತಿದ್ದೆ. ಕಣ್ಣು ತೆರೆದು, ನನ್ನನ್ನು ಮೇಲಿಂದ ಕೆಳಗೆ ನೋಡಿ, "ತಲಿ ಯಾವಾಗ ಬೆಳ್ಳಗಾತಲೇ ನಿಂದು?" ಎಂದಳು. ಅದಕ್ಕಿಂತ ಇಂಪಾದ ಮಾತನ್ನು ನಾನು ಬೇರೆ ಕೇಳಿಲ್ಲ.

ಕಣ್ಣು ತೋರಿಸಲು ಗದಗಿಗೆ ಬಂದ ದಿನ ಅವ್ವ ಹಟ ಹಿಡಿದಳು, ಆ ಮಾಸ್ತರನನ್ನು ಒಮ್ಮೆ ಕಣ್ಣಿಂದ ನೋಡಬೇಕು ಎಂದು. ಬೇಡ ಎಂದೆ, ಕೇಳಲಿಲ್ಲ. ಕರೆದುಕೊಂಡು ಹೋದೆ. ಮೆಟ್ಟಿಲಿನ ಕೆಳಗೆ ನಿಂತು ಬೋರ್ಡು ನೋಡಿ, ಇಲ್ಲಿ ಏನು ಮಾರುತ್ತಾರೆ ಎಂದು ಕೇಳಿದಳು.

ಸರ್ ಎದ್ದು ನಿಂತು ಕೈಮುಗಿದರು. ಚಹಾ ತರಿಸಿದರು. ಆ ಮಟ್ಟಿಗೆ ಅವರಲ್ಲಿ ಕೊರತೆಯಿಲ್ಲ, ಬಂದವರಿಗೆ ಚಹಾ ತಪ್ಪಿಸುವವರಲ್ಲ. ಅವ್ವನ ಕಣ್ಣು ಬಂತೆಂದು ಕೇಳಿ ಅವರಿಗೆ ನಿಜವಾಗಿಯೂ ಸಂತೋಷವಾಯಿತು. ಎಷ್ಟು ಸಂತೋಷವೆಂದರೆ, ಆ ಕಣ್ಣು ತಮ್ಮಿಂದಲೇ ಬಂತು ಎಂದು ಅವರಿಗೆ ಅಲ್ಲೇ ಅನಿಸಿಬಿಟ್ಟಿತು. ನಮ್ಮ ಶಿಷ್ಯೆ ಮಾಡಿದ ಪುಟ ಎಂದರೆ ನಾವೇ ಮಾಡಿದಂತೆ, ನಮ್ಮ ಡಿಸೈನಿನಿಂದ ಕಣ್ಣು ಪಡೆದ ತಾಯಿ ಎಂದು ನಿಮ್ಮ ಫೋಟೋ ಹಾಕುತ್ತೇನೆ, ಶಿಬಿರದ ಪುಟದಲ್ಲಿ ಎಲ್ಲರಿಗಿಂತ ಮೇಲೆ ಎಂದರು. ಮಾತು ಮುಗಿಯುವಷ್ಟರಲ್ಲಿ ಫೋನ್ ಅವ್ವನ ಮುಖದ ಮುಂದಿತ್ತು.

ನನ್ನ ನಾಲಿಗೆಯ ತುದಿಗೆ ಏನೇನೋ ಬಂತು. ಅವ್ವ ನನ್ನ ಮೊಣಕೈ ಹಿಡಿದು ಒತ್ತಿದಳು. ಸೆರಗು ಸರಿ ಮಾಡಿಕೊಂಡು, ಫೋಟೋಕ್ಕೆ ನೆಟ್ಟಗೆ ಕೂತು, ಆ ಒಂದೇ ಕಣ್ಣಿನಿಂದ ಸರ್ ಅವರನ್ನು ಚೆನ್ನಾಗಿ ನೋಡಿದಳು.

"ನನ್ನ ಫೋಟೋ ಕೆಳಗ ಹಾಕಪಾ" ಎಂದಳು. "ಮ್ಯಾಲೆ ಊರ ಹೆಸರು ಹಾಕು."

ಸರ್ ನಕ್ಕರು, ಆಗಲಿ ಆಯಿ ಎಂದರು.

ಇದನ್ನು ಬರೆಯುವ ಮೊದಲು ಸರ್ ಅವರ ಆ ಪುಟವನ್ನು ಮತ್ತೊಮ್ಮೆ ತೆರೆದೆ. ಶಿಬಿರ ಮುಗಿದರೂ ಪುಟ ತೆಗೆದಿಲ್ಲ, ಕೆಳಗಿನ ಸಾಲು ಇನ್ನೂ ಓಡುತ್ತಲೇ ಇದೆ. ಹೇಳಿದ್ದನ್ನು ಕೇಳುವವರಾದರೆ ಅವರು ಸರ್ ಹೇಗಾದಾರು. ಎಲ್ಲಕ್ಕಿಂತ ಮೇಲೆ, ಹೂವಿನ ಬಳ್ಳಿಯ ನಡುವೆ ಅವ್ವನನ್ನು ದುಂಡಗೆ ಕತ್ತರಿಸಿ ಕೂರಿಸಿದ್ದಾರೆ. ಬೋಳು ಹಣೆಯ ಸುತ್ತ ನಾಲ್ಕೂ ಕಡೆಗೆ ನೆರಳು. ಅವರ ಸ್ವಂತ ಮುಖ ಅವಳ ಕೆಳಗೆ ಸರಿದಿದೆ. ಊರ ಹೆಸರನ್ನು ಹುಡುಕಲೇಬೇಕು.

ಫೋನನ್ನು ತೋಳುದ್ದಕ್ಕೆ ಹಿಡಿದು ಅವರು ಕಲಿಸಿದಂತೆ ಕಣ್ಣು ಅರ್ಧ ಮುಚ್ಚಿದೆ. ಹೂವು ಕರಗಿತು, ನವಿಲು ಕರಗಿತು, ಶುಭ ಕೋರುವವರು ಕರಗಿದರು, ಸರ್ ಕೂಡ ಕರಗಿದರು. ಅವ್ವ ಒಬ್ಬಳು ಉಳಿದಳು, ನನ್ನನ್ನೇ ನೋಡುತ್ತ.

ಅಷ್ಟಾದರೂ ಆಯಿತಲ್ಲ ಎಂದು ಕೈಮುಗಿದು ಫೋನ್ ಇಟ್ಟೆ.